ಖಿನ್ನತೆಗೆ ಅಂತ ಎಸಿಟಾಲೋಪ್ರಾಮ್ ಶುರು ಮಾಡಿ ಒಂಬತ್ತು ದಿನ ಆಯ್ತು, ಹೊಟ್ಟೆ ತೊಳೆಸುವುದು ಬಿಟ್ಟರೆ ಏನೂ ಇಲ್ಲ. ಈ ಮಾತ್ರೆ ಮೆದುಳಿನಲ್ಲಿ ಮಾಡುವುದಾದರೂ ಏನು?

ಒಂಬತ್ತನೇ ದಿನಕ್ಕೆ ನನಗೂ ಇದೇ ಪ್ರಶ್ನೆ ಬಂದಿತ್ತು. ನಾನು ಫಾರ್ಮಸಿ ಕಾಲೇಜಿನಲ್ಲಿ ಈ ಔಷಧಗಳ ಪಾಠ ಮಾಡುವವನು. ಅದೇ ಮಾತ್ರೆ ನನ್ನ ಚೀಟಿಗೇ ಬಂದಾಗ ಓದಿದ್ದೆಲ್ಲ ಮರೆತು, ದಿನಾ ಕನ್ನಡಿ ಮುಂದೆ ನಿಂತು ‘ಇವತ್ತು ಖುಷಿ ಆಯ್ತಾ?’ ಅಂತ ನೋಡಿಕೊಳ್ಳುತ್ತಿದ್ದೆ.

ಮಾತ್ರೆ ಕೆಲಸ ಮಾಡುತ್ತಿದೆ. ಮೊದಲನೆಯದನ್ನು ನುಂಗಿದ ಕೆಲವೇ ಗಂಟೆಗಳಲ್ಲಿ ಶುರುವಾಗಿದೆ. ತಡ ಆಗುತ್ತಿರುವುದು ಬೇರೆ ಕಡೆ.

ದರ್ಶಿನಿ ಹೋಟೆಲು ನೆನೆಸಿಕೊಳ್ಳಿ. ಕೌಂಟರಿನಿಂದ ಕಾಫಿ ಲೋಟ ಹೊರಗೆ ಬರುತ್ತದೆ. ಕುಡಿದಾದ ಮೇಲೆ ಒಬ್ಬ ಹುಡುಗ ಲೋಟ ಎತ್ತಿ ಒಳಗೆ ಒಯ್ಯುತ್ತಾನೆ, ತೊಳೆದು ಮತ್ತೆ ಬಳಸುತ್ತಾರೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವೇ ಆ ಲೋಟ. ಹುಡುಗನ ಹೆಸರು ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್. ನರಕೋಶದ ಪೊರೆಯಲ್ಲಿ ಕೂತಿರುವ ಈ ಪ್ರೋಟೀನು, ಹೊರಗಿನ ಸೋಡಿಯಂ ಒಳನುಗ್ಗುವ ಬಲವನ್ನೇ ಬಳಸಿಕೊಂಡು ಸೆರೊಟೋನಿನ್ನನ್ನು ಒಳಗೆ ಎಳೆದುಕೊಳ್ಳುತ್ತದೆ. ಎಸಿಟಾಲೋಪ್ರಾಮ್ ಹೋಗಿ ಅದರ ನಡುವಿನ ಗೂಡಿನಲ್ಲಿ, ಸೆರೊಟೋನಿನ್ ಕೂರಬೇಕಾದ ಜಾಗದಲ್ಲೇ ಕೂತುಬಿಡುತ್ತದೆ. 2016ರಲ್ಲಿ ಎಕ್ಸ್-ರೇ ಹಾಯಿಸಿ ಇದರ ಅಣು ಮಟ್ಟದ ಚಿತ್ರವನ್ನೇ ತೆಗೆದರು. ಮಾಮೂಲಿ ಡೋಸಿನಲ್ಲಿ ಮೆದುಳಿನ ಈ ಹುಡುಗರಲ್ಲಿ ನೂರಕ್ಕೆ ಸುಮಾರು 80 ಜನ ಕೈಕಟ್ಟಿ ಕೂತಿರುತ್ತಾರೆ ಅಂತ ಪೆಟ್ ಸ್ಕ್ಯಾನ್‌ಗಳು ತೋರಿಸಿವೆ.

ಹಾಗಾದರೆ ಟೇಬಲ್ ತುಂಬ ಲೋಟ ಇರಬೇಕಲ್ವಾ? ಇಲ್ಲೇ ಇರುವುದು ತೊಡಕು. ಸೆರೊಟೋನಿನ್ ಕೋಶದ ಮೈಮೇಲೆಯೇ ಒಂದು ಕಾವಲು ರಿಸೆಪ್ಟರ್ (ಸೆರೊಟೋನಿನ್ ಬಂದದ್ದನ್ನು ಗುರುತಿಸುವ ಪ್ರೋಟೀನು) ಇದೆ. ಲೋಟ ರಾಶಿ ಬಿದ್ದದ್ದನ್ನು ನೋಡಿ ಅದು ಒಳಗೆ ಕೂಗುತ್ತದೆ: ‘ಸಾಕು, ಕಾಫಿ ಹಾಕ್ಬೇಡಿ!’ ಕೋಶ ಕೆಲಸ ನಿಧಾನ ಮಾಡುತ್ತದೆ. ಎರಡು ಮೂರು ವಾರ ದಿನಾ ಅದೇ ರಾಶಿ ನೋಡಿ ನೋಡಿ ಕಾವಲಿನವನಿಗೆ ಅಭ್ಯಾಸವಾಗುತ್ತದೆ, ಕೂಗುವುದು ಬಿಡುತ್ತಾನೆ. ಆಗ ಮತ್ತೆ ಕಾಫಿ ಬರುತ್ತದೆ, ಲೋಟವೂ ಹೊರಗೇ ಉಳಿಯುತ್ತದೆ. ವಾರಗಟ್ಟಲೆ ಔಷಧ ಕೊಟ್ಟ ಇಲಿಗಳಲ್ಲಿ ಟ್ರಾನ್ಸ್‌ಪೋರ್ಟರುಗಳ ಸಂಖ್ಯೆಯೇ ಇಳಿದದ್ದೂ ಕಂಡಿದೆ. ‘ಸೆರೊಟೋನಿನ್ ಕಮ್ಮಿ, ಮಾತ್ರೆ ತುಂಬಿಸುತ್ತೆ’ ಅನ್ನುವ ವಿವರಣೆ ನನಗೆ ಹಿಡಿಸದಿರುವುದು ಇದಕ್ಕೇ. ತುಂಬಿಸುವುದೇ ಆಗಿದ್ದರೆ ಮೊದಲ ಸಂಜೆಯೇ ಹಗುರಾಗಬೇಕಿತ್ತು.

ನಡವಳಿಕೆಯ ಪ್ರಯೋಗವೂ ವಿಚಿತ್ರ. 1977ರಲ್ಲಿ ಪೋರ್ಸೋಲ್ಟ್ ಎಂಬಾತ ಇಲಿಯನ್ನು ನೀರಿನ ಜಾಡಿಗೆ ಬಿಟ್ಟು, ಎಷ್ಟು ಹೊತ್ತು ಕೈಕಾಲು ಆಡಿಸದೆ ಸುಮ್ಮನೆ ತೇಲುತ್ತದೆ ಅಂತ ಅಳೆದ. ಖಿನ್ನತೆಯ ಔಷಧ ಕೊಟ್ಟ ಇಲಿ ಜಾಸ್ತಿ ಹೊತ್ತು ಒದ್ದಾಡುತ್ತದೆ. ಆಮೇಲೆ ಇನ್ನೂ ಹತ್ತಿರದಿಂದ ನೋಡಿದವರಿಗೆ ಕಂಡಿದ್ದು: ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್ ತಡೆದರೆ ಇಲಿ ಈಜುತ್ತದೆ, ಮೆದುಳಿನ ಇನ್ನೊಂದು ರಾಸಾಯನಿಕವಾದ ನಾರ್‌ಅಡ್ರೆನಲಿನ್ನಿನ ಟ್ರಾನ್ಸ್‌ಪೋರ್ಟರ್ ತಡೆದರೆ ಗೋಡೆ ಹತ್ತಲು ನೋಡುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದೊಂದು ಮಾತ್ರ ಯಾವತ್ತೂ ಮರೆಯುವುದಿಲ್ಲ. ಆದರೆ ಇಲಿಗೆ ಒಂದೇ ದಿನ ಸಾಕು, ನಮಗೆ ವಾರಗಳು ಬೇಕು. ಜಾಡಿಯೊಳಗಿನ ಇಲಿಯೇ ಖಿನ್ನತೆಯ ಮನುಷ್ಯ ಅಂತ ನಾನಂತೂ ಒಪ್ಪುವುದಿಲ್ಲ.

ಹೊಟ್ಟೆ ತೊಳೆಸುವುದು ಯಾಕೆ ಅಂದರೆ, ಮೈಯ ಸೆರೊಟೋನಿನ್ನಿನಲ್ಲಿ ಹೆಚ್ಚಿನ ಪಾಲು ಇರುವುದೇ ಕರುಳಿನಲ್ಲಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಊಟ ಆದಮೇಲೆ ಮಾತ್ರೆ ತಗೊಂಡು ನೋಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳಲ್ಲೂ ಇದೇ ಟ್ರಾನ್ಸ್‌ಪೋರ್ಟರ್ ಇದೆ. ಹಾಗಾಗಿ ತಲೆನೋವಿಗೆ ಅಂತ ಸುಮ್ನೆ ಐಬುಪ್ರೊಫೇನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರನ್ನು ಕೇಳಿ.

ನನಗೆ ಖುಷಿ ಅಂತೂ ಬರಲಿಲ್ಲ. ನಾಲ್ಕನೇ ವಾರ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದೆ. ಎರಡು ತಿಂಗಳಿಂದ ತೊಟ್ಟಿಕ್ಕುತ್ತಿತ್ತು, ಆ ಸದ್ದು ಕೇಳಿಕೊಂಡೇ ಮಲಗಿರುತ್ತಿದ್ದೆ. ಅವತ್ತು ಎದ್ದು ಹೋಗಿ ಎಂಟು ರೂಪಾಯಿಯ ವಾಷರ್ ತಂದು ಹಾಕಿದೆ, ಅಷ್ಟೇ. ‘ಏನ್ರೀ, ಇವತ್ತು?’ ಅಂತ ಹೆಂಡತಿ ಕೇಳಿದಾಗಲೇ ನನಗೆ ಗೊತ್ತಾದದ್ದು.

ಆರು ವಾರವಾದರೂ ಏನೂ ಇಲ್ಲದಿದ್ದರೆ ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ತಲೆಯೊಳಗೆ ಕರೆಂಟ್ ಹೊಡೆದಂತಾಗಬಹುದು. ವಯಸ್ಸು 25ರೊಳಗಿದ್ದರೆ ಮನೆಯವರಿಗೆ ಹೇಳಿಟ್ಟಿರಿ, ಈ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಕೆಲವರಿಗೆ ಜಾಸ್ತಿಯಾಗಬಹುದು. ಹಾಗೇನಾದರೂ ಅನ್ನಿಸಿದರೆ ಯಾವ ವಯಸ್ಸಾದರೂ ಸರಿ, ಅವತ್ತೇ ವೈದ್ಯರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.