ಓಟಿಪಿ ಇನ್ನೂ ಅಮ್ಮನ ಫೋನಿಗೇ ಬರುತ್ತಿದೆಯೇ?

ಪ್ರಶ್ನೆ: ಸಾಗರದ ಹತ್ತಿರದ ಹಳ್ಳಿಯವಳು ನಾನು. ಮಗ ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಎಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದಾನೆ. ಸಿಇಟಿ ಆಪ್ಷನ್ ಎಂಟ್ರಿಯಿಂದ ಹಿಡಿದು ಪರೀಕ್ಷಾ ಶುಲ್ಕದವರೆಗೆ ಎಲ್ಲವನ್ನೂ ನಾನೇ ನೋಡಿಕೊಂಡಿದ್ದೇನೆ. ದಿನಕ್ಕೆ ಮೂರು ಬಾರಿ ಫೋನ್ ಮಾಡುತ್ತೇನೆ. ಈಚೆಗೆ ಅವನು ಎತ್ತುವುದೇ ಇಲ್ಲ. ಗಣಿತದಲ್ಲಿ ಫೇಲಾದದ್ದನ್ನು ಮುಚ್ಚಿಟ್ಟಿದ್ದ, ಅವನ ಗೆಳೆಯನಿಂದ ಗೊತ್ತಾಯಿತು. ‘ಅವನ ಪಾಡಿಗೆ ಬಿಟ್ಟುಬಿಡು’ ಎನ್ನುತ್ತಾರೆ ನಮ್ಮ ಯಜಮಾನರು. ಬಿಟ್ಟರೆ ಕೈತಪ್ಪಿ ಹೋದಾನೆಂಬ ಭಯ ನನಗೆ. ಏನು ಮಾಡಲಿ?

ಉತ್ತರ: ಎಂಜಿನಿಯರಿಂಗ್‌ನಲ್ಲಿ ಗಣಿತ ಬ್ಯಾಕ್ ಉಳಿಯುವುದು ತೀರಾ ಸಾಮಾನ್ಯ. ಆಮೇಲೆ ಪಾಸು ಮಾಡಿಕೊಂಡು ಒಳ್ಳೆಯ ಕೆಲಸಕ್ಕೆ ಸೇರಿದವರು ನಿಮ್ಮ ಊರಿನಲ್ಲೇ ಸಿಕ್ಕಾರು. ಆದರೆ ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲವಲ್ಲ, ಅದು ನನ್ನನ್ನು ಚಿಂತೆಗೆ ಹಚ್ಚಿತು. ಹೇಳಿದ ಗಳಿಗೆಯಿಂದ ಅದು ಅಮ್ಮನ ಕೆಲಸವಾಗಿಬಿಡುತ್ತದೆ, ಅಮ್ಮ ಮೇಷ್ಟ್ರಿಗೆ ಫೋನ್ ಮಾಡುತ್ತಾರೆ, ಟ್ಯೂಷನ್ ಹುಡುಕುತ್ತಾರೆ ಎಂದು ಅಂಜಿರಬಹುದು.

ಯಜಮಾನರ ಮಾತನ್ನೂ ನಾನು ಪೂರ್ತಿ ಒಪ್ಪಲಾರೆ. ಇಷ್ಟು ವರ್ಷ ಎಲ್ಲವನ್ನೂ ಮಾಡಿಕೊಟ್ಟು ಒಂದೇ ದಿನ ಕೈಬಿಟ್ಟರೆ ಹುಡುಗನಿಗೆ ಅದು ಶಿಕ್ಷೆಯಾಗಿ ಕಾಣುತ್ತದೆ. ಕೆಲಸಗಳನ್ನು ಒಂದೊಂದಾಗಿ ಅವನ ಕೈಗೆ ದಾಟಿಸಿ, ಮಾತುಕತೆ ಇರಲಿ.

ಮೊಬೈಲ್ ನಂಬರಿನಿಂದ ಶುರು ಮಾಡಿ. ಕಾಲೇಜಿನ ಪೋರ್ಟಲ್, ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನದ ಸರ್ಕಾರಿ ಪೋರ್ಟಲ್ ಎಸ್‌ಎಸ್‌ಪಿ, ಎಲ್ಲಕ್ಕೂ ಈಗ ನಿಮ್ಮ ನಂಬರೇ ಇದ್ದೀತು. ಬಹಳ ಮನೆಗಳಲ್ಲಿ ಹಾಗೆಯೇ. ಮಗ ಹಾಸ್ಟೆಲ್‌ನಲ್ಲಿ ಅರ್ಜಿ ತುಂಬುತ್ತಾನೆ, ಓಟಿಪಿ ಒಲೆಯ ಮುಂದಿರುವ ಅಮ್ಮನಿಗೆ ಬರುತ್ತದೆ, ಆಕೆ ಕೈ ಒರೆಸಿಕೊಂಡು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಈ ನಂಬರುಗಳನ್ನು ಅವನೇ ಹೋಗಿ ಬದಲಿಸಿಕೊಳ್ಳಲಿ.

ಹಣವನ್ನು ಕೇಳಿದಾಗಲೆಲ್ಲ ಕಳಿಸಬೇಡಿ. ಮೆಸ್ ಬಿಲ್, ಕೈಖರ್ಚು, ಊರಿಗೆ ಬರುವ ಟಿಕೆಟ್ ಎಲ್ಲ ಸೇರಿಸಿ ತಿಂಗಳ ಮೊದಲಿಗೆ ಒಂದೇ ಸಲ ಹಾಕಿ. ಇಪ್ಪತ್ತನೇ ತಾರೀಕಿಗೇ ಖಾಲಿಯಾಯಿತೆಂದರೆ ಬೈಯಲೂ ಬೇಡಿ, ಭರ್ತಿ ಮಾಡಲೂ ಬೇಡಿ. ಆಸ್ಪತ್ರೆ, ಔಷಧಿಗೆ ಈ ಲೆಕ್ಕವಿಲ್ಲ ಎಂಬುದನ್ನು ಮಾತ್ರ ಮೊದಲೇ ತಿಳಿಸಿರಿ.

ಗಣಿತದ ಪರೀಕ್ಷೆಗೆ ಮತ್ತೆ ಅರ್ಜಿ ಹಾಕುವುದು, ಮೇಷ್ಟ್ರನ್ನು ಕಾಣುವುದು ಅವನ ಪಾಲಿಗೆ. ‘ನನ್ನಿಂದ ಏನಾದರೂ ಆಗಬೇಕೆ?’ ಎಂದು ಕೇಳಿ, ಬೇಡವೆಂದರೆ ಸುಮ್ಮನಿರಿ. ಕೊನೆಯ ದಿನ ತಪ್ಪಿಸಿಕೊಂಡರೆ ದಂಡ ಕಟ್ಟಿಯಾನು, ಇಲ್ಲವೇ ಮುಂದಿನ ಪರೀಕ್ಷೆಯವರೆಗೆ ಕಾದಾನು. ನೋಡಿಕೊಂಡು ಕೂರುವುದು ತಾಯಿಗೆ ಸುಲಭವಲ್ಲ, ಆದರೂ ಕೂರಿ. ಹಾಜರಾತಿಯ ವಿಷಯವನ್ನು ಒಮ್ಮೆ ಹೇಳಬಹುದು: ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ಪ್ರತಿ ವಿಷಯದಲ್ಲೂ ಶೇ 85 ಬೇಕು.

ಇನ್ನು ಆ ಮೂರು ಫೋನು. ತಿಂಡಿ ಆಯಿತೇ, ಊಟ ಆಯಿತೇ, ಓದಿದೆಯಾ ಎಂದರೆ ಮೂರಕ್ಕೂ ಉತ್ತರ ‘ಹೂಂ’. ವಾರಕ್ಕೆರಡು ಸಲ ಸಾಕು, ಹೊತ್ತನ್ನು ಅವನೇ ಗೊತ್ತುಮಾಡಲಿ. ಅಜ್ಜಿಯ ಮಂಡಿನೋವು, ತೋಟದ ಕೊಳೆರೋಗ, ಔಷಧಿ ಹೊಡೆಯುವವರು ಸಿಗದ ಕಷ್ಟ ಹೇಳಿ, ಏನು ಮಾಡೋಣವೆಂದು ಅವನ ಅಭಿಪ್ರಾಯ ಕೇಳಿ. ಮನೆಯ ಕಷ್ಟದಲ್ಲಿ ಪಾಲು ಸಿಕ್ಕ ಮಗ ತನ್ನ ಕಷ್ಟವನ್ನೂ ಬಾಯಿಬಿಟ್ಟು ಹೇಳಿಯಾನು.

ಆದರೆ ಅವನು ಫೋನ್ ಎತ್ತದಿರುವುದು ಬರೀ ಕಿರಿಕಿರಿಯಿಂದಲೇ ಎಂದು ಖಚಿತಪಡಿಸಿಕೊಳ್ಳಿ. ಊಟ ಬಿಟ್ಟಿದ್ದಾನೆ, ಕೋಣೆಯಿಂದ ಹೊರಬರುತ್ತಿಲ್ಲ, ಬದುಕೇ ಬೇಡವೆಂಬಂತೆ ಮಾತನಾಡುತ್ತಾನೆ ಎಂದು ತಿಳಿದರೆ ಮೇಲೆ ಬರೆದದ್ದನ್ನೆಲ್ಲ ಬದಿಗಿಡಿ. ತಕ್ಷಣ ವಾರ್ಡನ್‌ಗೆ ಹೇಳಿ, ಅವನನ್ನು ಒಂಟಿಯಾಗಿ ಬಿಡದಂತೆ ನೋಡಿಕೊಂಡು, ಅವತ್ತೇ ಮೈಸೂರಿಗೆ ಹೊರಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಹಾಗೇನೂ ಇಲ್ಲವಾದರೆ, ಮುಂದಿನ ಸಲ ಮಾತಿಗೆ ಸಿಕ್ಕಾಗ ‘ಗಣಿತದ ವಿಷಯ ತಿಳಿಯಿತು, ಬೈಯುವುದಿಲ್ಲ, ನಿನಗೆ ಹೇಳಬೇಕೆನಿಸಿದಾಗ ಹೇಳು’ ಎಂದಷ್ಟೇ ಹೇಳಿ. ಯಾರು ಹೇಳಿದರೆಂದು ಕೇಳಿದರೆ ಆ ಗೆಳೆಯನ ಹೆಸರನ್ನು ಎತ್ತಬೇಡಿ. ಅಷ್ಟು ದೂರದಲ್ಲಿ ನಿಮ್ಮ ಮಗನಿಗೆ ಅವನ ಸ್ನೇಹ ಬೇಕು.