20 ಟನ್ನಿನ ಎಕ್ಸ್‌ಕವೇಟರಿಗೆ ಹಾರ್ವೆಸ್ಟರ್ ಹೆಡ್ ಜೋಡಿಸಬಹುದೇ?

ನಿಮ್ಮಲ್ಲಿರುವ 20 ಟನ್ನಿನ ಎಕ್ಸ್‌ಕವೇಟರಿನ ಬಕೆಟ್ ಕಳಚಿ, ಮರ ಕಡಿದು ಕೊಂಬೆ ಸವರಿ ತುಂಡರಿಸುವ ಹಾರ್ವೆಸ್ಟರ್ ಹೆಡ್ ಕೂರಿಸಿದರೆ ನೆಡುತೋಪುಗಳಲ್ಲಿ ಮರ ಕಡಿಯುವ ಗುತ್ತಿಗೆಗೆ ಇಳಿಯಬಹುದೇ, ಇಲ್ಲವೇ ಇದೇ ಕೆಲಸಕ್ಕೆಂದು ತಯಾರಾದ ಚಕ್ರದ ಹಾರ್ವೆಸ್ಟರನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಇಂಥ ಜೋಡಣೆಯ ಯಂತ್ರವನ್ನು ನಾನು ಕೆಲವು ವರ್ಷ ನಡೆಸಿದ್ದೇನೆ, ಅನಂತರ ಚಕ್ರದ ಹಾರ್ವೆಸ್ಟರಿನಲ್ಲೂ ಕೆಲಸ ಮಾಡಿದ್ದೇನೆ. ಜೋಡಿಸಬಹುದು ಎಂಬುದು ನನ್ನ ಉತ್ತರ. ಆದರೆ ಹಾಗೆ ಜೋಡಿಸಿದ ಯಂತ್ರವನ್ನು ತೋಪಿನೊಳಗೆ ಮರದಿಂದ ಮರಕ್ಕೆ ಅಲೆದಾಡಿಸುವ ಬದಲು, ದಿಮ್ಮಿ ರಾಶಿ ಹಾಕುವ ರಸ್ತೆಬದಿಯ ಜಾಗದಲ್ಲಿ ನಿಲ್ಲಿಸಿ ದುಡಿಸಿಕೊಳ್ಳಿ.

ಮೊದಲು ಹೈಡ್ರಾಲಿಕ್ ಆಯಿಲಿನ ವಿಷಯ. ಮಣ್ಣು ಅಗೆಯುವಾಗ ಪಂಪಿಗೆ ನಡುನಡುವೆ ಉಸಿರಾಡಲು ಬಿಡುವು ಸಿಗುತ್ತದೆ. ಬಕೆಟ್ ನೆಲಕ್ಕೆ ಕಚ್ಚುವಾಗ ಪೂರ್ತಿ ಒತ್ತಡ ಬಿದ್ದರೂ, ಖಾಲಿ ಬಕೆಟ್ ಹಿಂದಿರುಗುವಾಗ ಹೊರೆ ಇಳಿಯುತ್ತದೆ. ಹಾರ್ವೆಸ್ಟರ್ ಹೆಡ್ಡಿನ ಕೆಲಸ ಹಾಗಲ್ಲ. ಅದು ಮರದ ಬುಡವನ್ನು ತಬ್ಬಿ ಹಿಡಿದು ಗರಗಸ ಓಡಿಸುತ್ತದೆ, ಉರುಳಿದ ಮರವನ್ನು ಹಲ್ಲಿನ ರೋಲರುಗಳಿಂದ ಎಳೆಯುತ್ತ ಬಾಗಿದ ಅಲಗುಗಳಿಂದ ಕೊಂಬೆ ಸವರುತ್ತದೆ, ಅಳತೆ ಬಂದಲ್ಲಿ ನಿಂತು ಮತ್ತೆ ಗರಗಸ ಓಡಿಸುತ್ತದೆ. ನಡುಗಾತ್ರದ ಮರವೊಂದಕ್ಕೆ ಒಂದು ನಿಮಿಷವೂ ಹಿಡಿಯದ ಈ ಸರಣಿ ದಿನವಿಡೀ ಬಿಡುವಿಲ್ಲದೆ ನಡೆಯುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ನೀವು ನೋಡುತ್ತಿರುವ ಹೆಡ್ 250 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 240 ಲೀಟರ್ ಆಯಿಲ್ ಕೇಳುತ್ತದೆ ಎಂದುಕೊಳ್ಳೋಣ. ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ 100 ಕಿಲೋವ್ಯಾಟ್ ಬರುತ್ತದೆ. 20 ಟನ್ನಿನ ಎಕ್ಸ್‌ಕವೇಟರಿನ ಎಂಜಿನ್ನಿನ ಶಕ್ತಿಯೇ ಸಾಮಾನ್ಯವಾಗಿ 110 ಕಿಲೋವ್ಯಾಟಿನ ಆಸುಪಾಸಿನಲ್ಲಿರುತ್ತದೆ. ಬೂಮ್ ಎತ್ತುವುದಕ್ಕೂ ಮೇಲ್ಭಾಗ ತಿರುಗಿಸುವುದಕ್ಕೂ ಉಳಿಯುವುದೆಷ್ಟು? ಕಲ್ಲು ಒಡೆಯುವ ಬ್ರೇಕರಿಗೆಂದು ಹಾಕಿಸಿದ ಲೈನ್ ಇದೆಯಲ್ಲ, ಅದಕ್ಕೇ ಹೆಡ್ ಸಿಕ್ಕಿಸಿದರಾಯಿತು ಎಂದು ಮಾರುವವರು ಹೇಳಬಹುದು. ಅನೇಕ ಯಂತ್ರಗಳಲ್ಲಿ ಆ ಲೈನಿಗೆ ಒಂದೇ ಪಂಪಿನ ಹರಿವು ಬರುತ್ತದೆ, ಒತ್ತಡವನ್ನೂ ಬ್ರೇಕರಿಗೆ ಒಗ್ಗುವಂತೆ ತಗ್ಗಿಸಿರುತ್ತಾರೆ.

ಹರಿವು ಸಾಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಮೊದಲ ವಾರದಲ್ಲೇ ಕಂಡೆ. ಬೆಳಿಗ್ಗೆ ಚೆನ್ನಾಗಿಯೇ ಓಡಿದ ಗರಗಸ ಮಧ್ಯಾಹ್ನದ ಹೊತ್ತಿಗೆ, ಆಯಿಲ್ ಕಾದಂತೆಲ್ಲ, ಮರದ ಅರ್ಧದಲ್ಲಿ ನಿಧಾನವಾಗತೊಡಗಿತು. ಗರಗಸ ಕೊಯ್ದು ಮುಗಿಸುವ ಮೊದಲೇ ಮರ ವಾಲಿ, ಬುಡದ ದಿಮ್ಮಿ ಒಂದು ಮಾರುದ್ದ ಸೀಳಿತು. ಬುಡದ ದಿಮ್ಮಿಯೇ ಮರದಲ್ಲಿ ಹೆಚ್ಚು ಬೆಲೆ ಬಾಳುವ ಭಾಗವೆಂದು ನಿಮಗೆ ಹೇಳಬೇಕಾಗಿಲ್ಲ. ಇಳಿದು ನೋಡಿದರೆ ರೇಡಿಯೇಟರಿನ ಜಾಲರಿಯ ಮೇಲೆ ಒಣ ಎಲೆಯೂ ಗರಗಸದ ಹೊಟ್ಟೂ ಸೇರಿ ಕಂಬಳಿಯಂತೆ ಹಾಸಿಕೊಂಡಿದ್ದವು. ಅಂದಿನಿಂದ ದಿನಕ್ಕೆ ಮೂರು ಬಾರಿ ಗಾಳಿ ಊದಿ ಸ್ವಚ್ಛಗೊಳಿಸುತ್ತಿದ್ದೆ. ಕೊನೆಗೆ ದೊಡ್ಡ ಆಯಿಲ್ ಕೂಲರನ್ನೂ, ಹಿಮ್ಮುಖವಾಗಿ ತಿರುಗಿ ಕಸವನ್ನು ಹೊರಗೆ ಊದುವ ಫ್ಯಾನನ್ನೂ ಹಾಕಿಸಿದ ಮೇಲೆಯೇ ತಾಪ ಹಿಡಿತಕ್ಕೆ ಬಂದಿತು. ಇದೇ ಹೊಟ್ಟು ಎಂಜಿನ್ ಕೆಳಗಿನ ತಟ್ಟೆಯಲ್ಲಿ ಸೋರಿದ ಆಯಿಲಿನೊಂದಿಗೆ ಬೆರೆತು ಕೂತರೆ ಬೆಂಕಿಗೆ ಕಾರಣವಾಗುತ್ತದೆ. ಆ ತಟ್ಟೆಯನ್ನು ಬಿಚ್ಚಿ ತೆಗೆಯುವುದು ಬೇಸರದ ಕೆಲಸವಾದರೂ ತಪ್ಪಿಸುವಂತಿಲ್ಲ.

ಎರಡನೆಯದು ಕ್ಯಾಬಿನ್. ಹಾರ್ವೆಸ್ಟರಿನ ಗರಗಸದ ಚೈನು ಸೆಕೆಂಡಿಗೆ ಸುಮಾರು 40 ಮೀಟರ್ ವೇಗದಲ್ಲಿ ಓಡುತ್ತದೆ. ಅದು ತುಂಡಾದರೆ, ತುದಿ ಚಾಟಿಯಂತೆ ಬೀಸಿದ ರಭಸಕ್ಕೆ ಒಂದೆರಡು ಕೊಂಡಿಗಳು ಕಳಚಿ ಬಂದೂಕಿನ ಗುಂಡಿನಂತೆ ಚಿಮ್ಮುತ್ತವೆ. ಇದನ್ನು ಚೈನ್ ಶಾಟ್ ಎನ್ನುತ್ತಾರೆ. ಎಕ್ಸ್‌ಕವೇಟರಿನ ಮಾಮೂಲಿ ಗಾಜು ಇದನ್ನು ತಡೆಯುವುದಿಲ್ಲ. ದಪ್ಪ ಪಾಲಿಕಾರ್ಬೊನೇಟ್ ಹಾಳೆಯೇ ಬೇಕು. ಜೊತೆಗೆ ಯಂತ್ರ ಉರುಳಿದಾಗ, ಮೇಲಿನಿಂದ ಮರ ಬಿದ್ದಾಗ, ಕೊಂಬೆ ಒಳನುಗ್ಗಿದಾಗ ಚಾಲಕನನ್ನು ಕಾಯುವ ಚೌಕಟ್ಟುಗಳಿಗೆ ಕ್ರಮವಾಗಿ ಐಎಸ್‌ಒ 8082, 8083, 8084 ಎಂಬ ಮಾನದಂಡಗಳಿವೆ. ಊರ ವೆಲ್ಡರಿನ ಕೈಯಲ್ಲಿ ಕಬ್ಬಿಣದ ಸರಳು ಕಟ್ಟಿಸಿ ಸಮಾಧಾನಪಟ್ಟುಕೊಳ್ಳುವ ಸಂಗತಿ ಇದಲ್ಲ. ಚೌಕಟ್ಟು ಎಷ್ಟೇ ಗಟ್ಟಿಯಿರಲಿ, ಗರಗಸದ ಬಾರ್ (ಚೈನು ಸುತ್ತುವ ಉದ್ದ ಪಟ್ಟಿ) ಇರುವ ಸಮತಲ ನಿಮ್ಮ ಕ್ಯಾಬಿನ್ನಿಗಾಗಲಿ, ಸುತ್ತಲಿನ ಜನರಿಗಾಗಲಿ ನೇರವಾಗದಂತೆ ಹೆಡ್ಡನ್ನು ತಿರುಗಿಸಿಕೊಂಡೇ ಕೊಯ್ಯುವುದನ್ನು ಮೊದಲ ದಿನದಿಂದಲೇ ಅಭ್ಯಾಸ ಮಾಡಿಕೊಳ್ಳಿ.

ಇನ್ನು ತೋಪಿನೊಳಗಿನ ಓಡಾಟ. ಅಗಲವಾದ ಉಕ್ಕಿನ ಟ್ರ್ಯಾಕಿನಿಂದಾಗಿ ನಿಮ್ಮ ಯಂತ್ರ ನೆಲವನ್ನು ಒತ್ತುವುದು ಕಡಿಮೆಯೇ, ಅದು ಅದರ ಗುಣ. ಆದರೆ ತಿರುಗುವಾಗ ಟ್ರ್ಯಾಕ್ ಅಡ್ಡಕ್ಕೆ ಉಜ್ಜಿ ಮೇಲ್ಮಣ್ಣನ್ನೂ ಬೇರನ್ನೂ ಕಿತ್ತುಹಾಕುತ್ತದೆ. ಚಕ್ರದ ಹಾರ್ವೆಸ್ಟರಾದರೆ ನಡು ಬಾಗಿಸಿ, ತಾನೇ ಸವರಿ ಹಾಸಿಕೊಂಡ ಕೊಂಬೆಗಳ ಮೇಲೆ ಮೆಲ್ಲಗೆ ತಿರುಗುತ್ತದೆ. ಎಕ್ಸ್‌ಕವೇಟರಿನ ಹೊಟ್ಟೆ ನೆಲಕ್ಕೆ ಹತ್ತಿರವಿರುವುದರಿಂದ ಕಡಿದ ಮರದ ಮೋಟುಗಳು ತಗಲುತ್ತವೆ. ಸಮತೋಲನಕ್ಕೆಂದು ಹಿಂಭಾಗದಲ್ಲಿರುವ ಭಾರ, ಅಂದರೆ ಕೌಂಟರ್‌ವೇಟ್, ತಿರುಗುವಾಗ, ಉಳಿಸಬೇಕಾದ ಮರಗಳ ತೊಗಟೆ ಸುಲಿಯುತ್ತದೆ. ಇಡೀ ತೋಪನ್ನು ಕಡಿಯುವಲ್ಲಿ ಇದು ಲೆಕ್ಕಕ್ಕಿಲ್ಲ, ನಡುನಡುವಿನ ಮರ ತೆಗೆದು ತೆಳುಮಾಡುವ ಕೆಲಸದಲ್ಲಿ ಇದೊಂದೇ ಗುತ್ತಿಗೆ ಕಳೆಯಲು ಸಾಕು. ಎತ್ತರಿಸಿದ ಟ್ರ್ಯಾಕ್ ಚೌಕಟ್ಟು, ಹೊಟ್ಟೆಯಡಿಯ ದಪ್ಪ ತಗಡು, ಕಾವಲಿನ ಕ್ಯಾಬಿನ್ ಎಲ್ಲವನ್ನೂ ಕಾರ್ಖಾನೆಯಲ್ಲೇ ಅಳವಡಿಸಿದ ಅರಣ್ಯ ಮಾದರಿಯ ಎಕ್ಸ್‌ಕವೇಟರುಗಳೂ ಇವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ನಿಮ್ಮ ಯಂತ್ರ ಅಂಥದ್ದಲ್ಲ ಎಂದು ನಿಮ್ಮ ವಿವರಣೆಯಿಂದ ತಿಳಿಯುತ್ತದೆ.

ಆದ್ದರಿಂದಲೇ ರಸ್ತೆಬದಿಯ ಜಾಗ ಎಂದೆ. ಕಡಿದ ಮರಗಳನ್ನು ಸ್ಕಿಡರ್ ಎಂಬ ಮರ ಎಳೆಯುವ ಯಂತ್ರ ಕೊಂಬೆಸಮೇತ ಎಳೆದು ತರಲಿ; ನಿಮ್ಮ ಯಂತ್ರ ಗಟ್ಟಿ, ಮಟ್ಟಸ ನೆಲದ ಮೇಲೆ ನಿಂತಲ್ಲೇ ಸವರಿ, ತುಂಡರಿಸಿ, ಅಳತೆವಾರು ರಾಶಿ ಹಾಕಲಿ. ಓಡಾಟವಿಲ್ಲದ್ದರಿಂದ ಪಂಪಿನ ಶಕ್ತಿಯ ಬಹುಪಾಲು ಹೆಡ್ಡಿಗೇ ಸಿಗುತ್ತದೆ, ಟ್ರ್ಯಾಕೂ ಸವೆಯುವುದಿಲ್ಲ. ಇದರಲ್ಲೂ ಒಂದು ತೊಡಕಿದೆ: ಎಳೆದು ತಂದ ಮರದ ತೊಗಟೆಗೆ ಮಣ್ಣು, ಸಣ್ಣ ಕಲ್ಲು ಮೆತ್ತಿರುವುದರಿಂದ ಚೈನು ಬೇಗ ಮೊಂಡಾಗುತ್ತದೆ. ಹರಿತ ಮಾಡಿದ ಚೈನುಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಮೊಂಡು ಚೈನನ್ನು ಒತ್ತಿ ಓಡಿಸುವುದೆಂದರೆ ಮೇಲೆ ಹೇಳಿದ ಚೈನ್ ಶಾಟಿಗೆ ದಾರಿ ಮಾಡಿಕೊಟ್ಟಂತೆ.

ಹೆಡ್ ಆರಿಸುವಾಗ ಅದರ ತೂಕದ ಜೊತೆಗೆ ಹಿಡಿದ ಮರದ ತೂಕವನ್ನೂ ಸೇರಿಸಿ ನೋಡಿ. ರೋಲರುಗಳು ಮರವನ್ನು ದೂಡಿದಂತೆ ಅದರ ಭಾರದ ಕೇಂದ್ರ ನಿಮ್ಮಿಂದ ದೂರ ಸರಿಯುತ್ತ ಹೋಗುತ್ತದೆ. ಉದ್ದ ಅಳೆಯುವ ಹಲ್ಲುಚಕ್ರಕ್ಕೆ ಅಂಟು ಮೆತ್ತಿಕೊಂಡರೆ ಅಳತೆ ತಪ್ಪುವುದರಿಂದ, ದಿನವೂ ಕೆಲವು ದಿಮ್ಮಿಗಳನ್ನು ಕೈಯಲ್ಲಿ ಟೇಪು ಹಿಡಿದು ಅಳೆದು ಹೋಲಿಸಬೇಕು. ಮುಂಗಡ ಕೊಡುವ ಮೊದಲು ಮೆಕ್ಯಾನಿಕನನ್ನು ಕರೆಸಿ, ನಿಮ್ಮ ಯಂತ್ರದ ಬ್ರೇಕರ್ ಲೈನಿಗೆ ಫ್ಲೋ ಮೀಟರ್ ಜೋಡಿಸಿ, ಆಯಿಲ್ ಚೆನ್ನಾಗಿ ಕಾದ ಮೇಲೆ 250 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆಂದು ಬರೆಸಿಕೊಳ್ಳಿ. ಆ ಅಂಕಿಯನ್ನೂ ಹೆಡ್ಡಿನ ಮಾದರಿಯನ್ನೂ ಇಲ್ಲಿ ತಿಳಿಸಿದರೆ, ಎರಡೂ ಹೊಂದುತ್ತವೆಯೇ ಎಂದು ನಾನೇ ನೋಡಿ ಹೇಳುತ್ತೇನೆ.