ಹಳೆ ಚೈನ್‌ಸಾದಲ್ಲಿ ಬಾರ್‌ಗೆ ಎಣ್ಣೆ ಬರದಿದ್ದರೆ

ಮರ ಕೊಯ್ಯುವ ಚೈನ್‌ಸಾದಲ್ಲಿ ಟ್ಯಾಂಕ್ ತುಂಬಾ ಎಣ್ಣೆ ಇದ್ದರೂ ಚೈನ್ ಒಣಗಿರುತ್ತದಾ, ಬಾರ್ (ಯಾವುದರ ಸುತ್ತ ಚೈನ್ ಓಡುತ್ತದೋ ಆ ಉದ್ದನೆಯ ಲೋಹದ ಪಟ್ಟಿ) ಹೊಗೆಯಾಡುತ್ತದಾ? ಎಣ್ಣೆ ಪಂಪ್ ಹೋಗಿದೆ ಅಂತ ಈಗಲೇ ಹೊಸದು ತರಬೇಡಿ. ಹಳೆ ಮಷಿನ್‌ಗಳಲ್ಲಿ ಬಹಳ ಸಲ ಕಸದ್ದೇ ಕಾಟ.

ಮೊದಲು ಸ್ಪಾರ್ಕ್ ಪ್ಲಗ್ ವಯರ್ ಕಿತ್ತಿಟ್ಟು ಬಾರ್, ಚೈನ್ ಎರಡೂ ಬಿಚ್ಚಿ. ಬಾರ್‌ನ ಹಿಂಬದಿಯಲ್ಲಿ, ಬೋಲ್ಟ್ ಕೂರುವ ಸೀಳಿನ ಹತ್ತಿರ, ಒಂದು ಸಣ್ಣ ತೂತು ಇರುತ್ತದೆ. ಎಣ್ಣೆ ಒಳಗೆ ಹೋಗುವುದು ಅಲ್ಲಿಂದಲೇ. ಮರದ ಪುಡಿ ಎಣ್ಣೆ ಜೊತೆ ಸೇರಿ ಅಲ್ಲಿ ಮೇಣದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ತೆಳು ತಂತಿಯಿಂದ ಚುಚ್ಚಿ ತೆಗೆಯಿರಿ. ಚೈನ್ ಓಡುವ ಸಂದನ್ನೂ ಉದ್ದಕ್ಕೂ ಕೆರೆಯಿರಿ.

ಈಗ ವಯರ್ ಹಾಕಿ, ಬಾರ್ ಇಲ್ಲದೇ ಸ್ವಲ್ಪ ಹೊತ್ತು ಓಡಿಸಿ. ಕೈ ದೂರ ಇರಲಿ. ಸುಮ್ನೆ ಐಡಲ್‌ನಲ್ಲಿ ಬಿಟ್ಟರೆ ಸಾಲದು; ಕೆಲವು ಮಾಡೆಲ್‌ಗಳಲ್ಲಿ ರೇಸ್ ಕೊಟ್ಟು, ಚೈನ್ ಓಡಿಸುವ ಕ್ಲಚ್ ಡ್ರಮ್ ತಿರುಗಿದರೆ ಮಾತ್ರ ಪಂಪ್ ಕೆಲಸ ಮಾಡುತ್ತದೆ. ಮಷಿನ್ ಬಾಡಿಯಲ್ಲಿ ಬಾರ್ ಕೂರುವ ಕಡೆಯ ತೂತಿನಿಂದ ಎಣ್ಣೆ ಚೆನ್ನಾಗಿ ಜಿನುಗಿತಾ? ಹಾಗಾದರೆ ಪಂಪ್ ಸರಿ ಇದೆ, ತೊಂದರೆ ಬಾರ್‌ನದ್ದೇ.

ಬರಲಿಲ್ವಾ? ಎಣ್ಣೆ ಟ್ಯಾಂಕಿನ ಮುಚ್ಚಳ ಸ್ವಲ್ಪ ಸಡಿಲ ಮಾಡಿ ನೋಡಿ. ಆಗ ಬಂದರೆ ಟ್ಯಾಂಕಿನ ಗಾಳಿ ತೂತು ಕಟ್ಟಿದೆ. ಆಗಲೂ ಇಲ್ಲ ಅಂದರೆ ಟ್ಯಾಂಕಿನ ಒಳಗಿನ ಫಿಲ್ಟರ್ ತೊಳೆಯಿರಿ, ಎಣ್ಣೆ ಪೈಪ್ ಬಾಗಿಸಿ ನೋಡಿ. ನನ್ನ ಮಷಿನ್‌ನಲ್ಲಿ ಕೊನೆಗೆ ಸಿಕ್ಕಿದ್ದು ಅದೇ, ಬಾಗಿಸಿದರೆ ಮಾತ್ರ ಕಾಣುವ ಕೂದಲೆಳೆಯಷ್ಟು ಸೀಳು. ಪೈಪೂ ಚೆನ್ನಾಗಿದ್ದರೆ ಕ್ಲಚ್ ಹಿಂದಿನ ವರ್ಮ್ ಗೇರ್ (ಪಂಪನ್ನು ತಿರುಗಿಸುವ ಸುರುಳಿ ಹಲ್ಲಿನ ಗೇರ್) ನೋಡಿ. ಅದು ಪ್ಲಾಸ್ಟಿಕ್ಕಿನದಾದರೆ ಹಲ್ಲು ಸವೆದಿರಬಹುದು, ಇಲ್ಲಾ ಬಿಸಿಗೆ ಕರಗಿರಬಹುದು.

ಎಲ್ಲಾ ಜೋಡಿಸಿದ ಮೇಲೆ ಬಾರ್ ತುದಿಯನ್ನು ಒಂದು ರಟ್ಟಿನ ಹತ್ತಿರ ಹಿಡಿದು, ತಾಗಿಸದೇ ರೇಸ್ ಮಾಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಬೀಳಬೇಕು.